ಶತದಿನೋತ್ಸವದಿಂದ ಮೊದಲ ವಾರಾಂತ್ಯದವರೆಗೆ: ಕನ್ನಡ ಚಿತ್ರ ಪ್ರಚಾರದ ಚರಿತ್ರೆ

1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡಂದಿನಿಂದ ಚಿತ್ರ ಪ್ರಚಾರದ ಸಾಧನಗಳು ಹಲವು ಬಾರಿ ಬದಲಾಗಿವೆ. ಆದರೆ ಭಿತ್ತಿಪತ್ರದ ಜಾಗಕ್ಕೆ ಮೊಬೈಲ್ ಪರದೆ ಬಂದುದಕ್ಕಿಂತ ದೊಡ್ಡ ಪಲ್ಲಟ ನಡೆದಿರುವುದು ಪ್ರಚಾರದ ಕಾಲದಲ್ಲಿ: ಬಿಡುಗಡೆಯ ನಂತರ ತಿಂಗಳುಗಟ್ಟಲೆ ಚಿತ್ರದ ಜೊತೆಯಲ್ಲೇ ಸಾಗುತ್ತಿದ್ದ ಪ್ರಚಾರವು ಇಂದು ದೊಡ್ಡ ಚಿತ್ರಗಳ ಮಟ್ಟಿಗೆ ಬಿಡುಗಡೆಗೆ ಬಹಳ ಮೊದಲೇ ಆರಂಭಗೊಂಡು, ಮೊದಲ ವಾರಾಂತ್ಯದ ಹೊತ್ತಿಗೆ ಬಹುಮಟ್ಟಿಗೆ ಮುಗಿದುಹೋಗುತ್ತದೆ.

ಹಳೆಯ ಪದ್ಧತಿಗೆ ಆಧಾರವಾಗಿದ್ದುದು ಪ್ರಿಂಟ್, ಅಂದರೆ ಡಬ್ಬಗಳಲ್ಲಿ ತುಂಬಿ ಚಿತ್ರಮಂದಿರಗಳಿಗೆ ಕಳುಹಿಸುತ್ತಿದ್ದ ಫಿಲ್ಮ್ ಸುರುಳಿಗಳ ಪ್ರತಿ. ಪ್ರತಿಯೊಂದಕ್ಕೂ ಸಾಕಷ್ಟು ಹಣ ತಗಲುತ್ತಿದ್ದುದರಿಂದ ಕೆಲವೇ ಪ್ರಿಂಟ್‌ಗಳನ್ನು ತೆಗೆಸಿ, ಅವನ್ನು ಮೊದಲು ದೊಡ್ಡ ನಗರಗಳ ‘ಎ’ ಕೇಂದ್ರಗಳಲ್ಲಿಯೂ ಬಳಿಕ ಸಣ್ಣ ಊರುಗಳ ‘ಬಿ’ ಮತ್ತು ‘ಸಿ’ ಕೇಂದ್ರಗಳಲ್ಲಿಯೂ ಪ್ರದರ್ಶಿಸಲಾಗುತ್ತಿತ್ತು. ಹಳ್ಳಿಗಾಡಿನ ಟೆಂಟು ಸಿನಿಮಾಗಳನ್ನು ಚಿತ್ರವು ತಲುಪುವಾಗ ತಿಂಗಳುಗಳೇ ಕಳೆದಿರುತ್ತಿದ್ದವು. ಹೀಗಾಗಿ ಪ್ರಚಾರವೂ ಊರಿಂದೂರಿಗೆ ಹೊಸದಾಗಿ ನಡೆಯಬೇಕಿತ್ತು. ಜಟಕಾ ಗಾಡಿಗೆ ಪೋಸ್ಟರ್ ಕಟ್ಟಿ, ಧ್ವನಿವರ್ಧಕದಲ್ಲಿ ಕೂಗುತ್ತ ಕರಪತ್ರ ಹಂಚುವುದರ ಜೊತೆಗೆ, ಚಿತ್ರಮಂದಿರದ ಬಳಿ ಹಾಡಿನ ಪುಸ್ತಕಗಳನ್ನು ಮಾರಲಾಗುತ್ತಿತ್ತು. ಅವುಗಳಲ್ಲಿ ಕಥಾಸಾರವನ್ನು ಕುತೂಹಲದ ಘಟ್ಟಕ್ಕೆ ತಂದು ನಿಲ್ಲಿಸಿ, ಮುಂದಿನದನ್ನು ಬೆಳ್ಳಿತೆರೆಯ ಮೇಲೆಯೇ ನೋಡಬೇಕೆಂದು ಸೂಚಿಸುವುದು ರೂಢಿಯಾಗಿತ್ತು.

ವಿತರಣಾ ಕಚೇರಿಗಳ ನೆಲೆಯಾದ ಗಾಂಧಿನಗರ ಹಾಗೂ ಚಿತ್ರಮಂದಿರಗಳು ಸಾಲುಗಟ್ಟಿದ್ದ ಕೆಂಪೇಗೌಡ ರಸ್ತೆಯಲ್ಲಿ ಈ ಪ್ರಚಾರವು ಉತ್ಸವದ ರೂಪ ತಾಳಿತು. ಕಲಾವಿದರು ಕೈಯಿಂದ ಬಣ್ಣ ಬಳಿದು, ನಾಯಕನ ಆಕೃತಿಗೆ ಕತ್ತರಿಸಿ ನಿಲ್ಲಿಸುತ್ತಿದ್ದ ಬೃಹತ್ ಕಟೌಟ್‌ಗಳಿಗೆ ಅಭಿಮಾನಿ ಸಂಘಗಳು ಹಾರ ಹಾಕಿ ಹಾಲಿನ ಅಭಿಷೇಕ ಮಾಡುತ್ತಿದ್ದವು. ಓಟದ ದಿನಗಳೇ ಜಾಹೀರಾತಾಗಿದ್ದುದು ಈ ಕಾಲದ ವಿಶೇಷ. 25ನೆಯ ದಿನ, 50ನೆಯ ದಿನ, ಶತದಿನೋತ್ಸವ ಮತ್ತು 25 ವಾರಗಳ ಬೆಳ್ಳಿಹಬ್ಬ ಪೋಸ್ಟರಿಗೂ ಪತ್ರಿಕಾ ಜಾಹೀರಾತಿಗೂ ಹೊಸ ಹೊಸ ನೆಪಗಳಾಗುತ್ತಿದ್ದವು. 1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದುದೇ ಅದರ ಅತಿ ದೊಡ್ಡ ಪ್ರಚಾರವಾಯಿತು. 1976ರಲ್ಲಿ ಡಿ.ವಿ. ಸುಧೀಂದ್ರ ಅವರು ಶ್ರೀ ರಾಘವೇಂದ್ರ ಚಿತ್ರವಾಣಿ ಸಂಸ್ಥೆಯನ್ನು ಆರಂಭಿಸುವುದರೊಂದಿಗೆ, ನಿರ್ಮಾಪಕರಿಗೂ ಪತ್ರಿಕೆಗಳಿಗೂ ನಡುವೆ ಸುದ್ದಿ ಮತ್ತು ಛಾಯಾಚಿತ್ರಗಳನ್ನು ಸಾಗಿಸುವ ಪ್ರಚಾರಕರ್ತನ ಕೆಲಸ ಒಂದು ವೃತ್ತಿಯಾಗಿ ನೆಲೆಗೊಂಡಿತು.

ಸುರುಳಿಯ ಸ್ಥಾನಕ್ಕೆ ಡಿಜಿಟಲ್ ಪ್ರದರ್ಶನ ಬಂದಾಗ, ಒಂದೇ ದಿನ ರಾಜ್ಯದ ನೂರಾರು ಪರದೆಗಳಲ್ಲಿ ಚಿತ್ರವನ್ನು ತೆರೆಕಾಣಿಸುವುದು ಸಾಧ್ಯವಾಗಿ, ಗಳಿಕೆಯು ಮೊದಲ ಮೂರ್ನಾಲ್ಕು ದಿನಗಳಲ್ಲಿ ಸಾಂದ್ರಗೊಂಡಿತು. ಆದ್ದರಿಂದ ಪ್ರಚಾರವೂ ಬಿಡುಗಡೆಗಿಂತ ಹಿಂದಕ್ಕೆ ಸರಿಯಿತು. ನಾಯಕನ ವೇಷವನ್ನು ತೋರಿಸುವ ‘ಫಸ್ಟ್ ಲುಕ್’, ಚಿತ್ರದ ತುಣುಕುಗಳ ಟೀಸರ್, ಹಾಡಿನ ಸಾಲುಗಳು ಮೂಡುವ ‘ಲಿರಿಕಲ್ ವಿಡಿಯೊ’ ಮತ್ತು ಕೊನೆಯಲ್ಲಿ ಟ್ರೇಲರ್ ಎಂಬ ಕ್ರಮ ರೂಪುಗೊಂಡಿತು. ‘ಕೆಜಿಎಫ್ ಚಾಪ್ಟರ್ 2’ ಚಿತ್ರದ ಟೀಸರ್ 2021ರ ಜನವರಿ 7ರಂದು ಯೂಟ್ಯೂಬ್‌ಗೆ ಬಂದು ಎರಡೇ ದಿನಗಳಲ್ಲಿ 10 ಕೋಟಿ ವೀಕ್ಷಣೆ ಪಡೆದರೂ, ಚಿತ್ರವು ತೆರೆಗೆ ಬಂದುದು 2022ರ ಏಪ್ರಿಲ್ 14ರಂದು; ಒಂದು ಕಾಲದಲ್ಲಿ ಓಟದ ದಿನಗಳು ಹೇಳುತ್ತಿದ್ದ ಜನಪ್ರಿಯತೆಯನ್ನು ಈಗ ಬಿಡುಗಡೆಗೆ ಮೊದಲೇ ವೀಕ್ಷಣೆಯ ಎಣಿಕೆ ಹೇಳತೊಡಗಿತು.

ಹೊಸ ಮಾಧ್ಯಮವು ಪ್ರೇಕ್ಷಕನ ಸ್ಥಾನವನ್ನೂ ಬದಲಿಸಿತು. ನಿರ್ದೇಶಕ ಪವನ್ ಕುಮಾರ್ ಅವರು ಅಂತರ್ಜಾಲದ ಮೂಲಕ ಮಾಡಿದ ಮನವಿಗೆ 110 ಮಂದಿ ಸ್ಪಂದಿಸಿ, 27 ದಿನಗಳಲ್ಲಿ 51 ಲಕ್ಷ ರೂಪಾಯಿ ಒದಗಿಸಿದ್ದರಿಂದ ‘ಲೂಸಿಯಾ’ (2013) ನಿರ್ಮಾಣಗೊಂಡಿತು. ಚಿತ್ರ ಸಿದ್ಧವಾಗುವ ಮೊದಲೇ ಅದಕ್ಕೆ ಪ್ರಚಾರಕರಾದ ಪ್ರೇಕ್ಷಕರು ದೊರೆತಂತಾಯಿತು. 2015ರ ಜುಲೈನಲ್ಲಿ ‘ಬಾಹುಬಲಿ’ಗಿಂತ ಒಂದು ವಾರ ಮೊದಲು ಬಂದ ‘ರಂಗಿತರಂಗ’ವನ್ನು ಉಳಿಸಿದುದು ನೋಡಿದವರ ಮೆಚ್ಚುಗೆಯೇ; 2022ರ ಸೆಪ್ಟೆಂಬರ್ 30ರಂದು ಮೊದಲು ಕನ್ನಡದಲ್ಲಿ ಮಾತ್ರ ತೆರೆಕಂಡ ‘ಕಾಂತಾರ’ವು ಅಂತಹದೇ ಮೆಚ್ಚುಗೆಯ ಬಲದಿಂದ ಎರಡು ವಾರಗಳಲ್ಲಿ ಹಿಂದಿ, ತೆಲುಗು ಭಾಷೆಗಳಿಗೂ ಡಬ್ ಆಗಿ ಹರಡಿತು. ಟೆಂಟಿನ ಕಾಲದ ಬಾಯಿಮಾತು ಇಲ್ಲಿಯೂ ಕೆಲಸ ಮಾಡಿದೆಯಾದರೂ, ಅದು ವಾರಗಳ ಬದಲು ಗಂಟೆಗಳಲ್ಲಿ ಸಾಗುತ್ತದೆ.

ಈ ವೇಗ ಚಿತ್ರವನ್ನು ಕೆಡವಲೂ ಬಲ್ಲದು. ಚಿತ್ರ ಬಿಡುಗಡೆಯಾದೊಡನೆ ಉದ್ದೇಶಪೂರ್ವಕವಾಗಿ ಕೆಟ್ಟ ವಿಮರ್ಶೆಗಳನ್ನು ಹರಡುತ್ತಾರೆಂಬ ದೂರು 2023ರಲ್ಲಿ ಕೇರಳ ಹೈಕೋರ್ಟ್ ಮುಂದೆ ಬಂದಾಗ, ನ್ಯಾಯಾಲಯಕ್ಕೆ ನೆರವಾಗಲು ನೇಮಕಗೊಂಡ ವಕೀಲರು, ಬಿಡುಗಡೆಯಾದ 48 ಗಂಟೆಗಳವರೆಗೆ ವ್ಲಾಗರ್‌ಗಳು ವಿಮರ್ಶೆ ಪ್ರಕಟಿಸದಿರುವುದು ಒಳಿತೆಂದು 2024ರಲ್ಲಿ ಸಲಹೆ ನೀಡಿದರು. ನೂರು ದಿನಗಳ ಲೆಕ್ಕವಿಡುತ್ತಿದ್ದ ಉದ್ಯಮಕ್ಕೆ ಎರಡು ದಿನವೆಂಬುದು ಗಣನೆಗೇ ಬಾರದ ಅವಧಿಯಾಗಿತ್ತು. ಅದನ್ನು ಕಾಪಾಡಿಕೊಡಬೇಕೆಂಬ ಸಲಹೆ ನ್ಯಾಯಾಲಯದ ಮುಂದೆ ಬರುವಷ್ಟರ ಮಟ್ಟಿಗೆ ದಕ್ಷಿಣ ಭಾರತದಲ್ಲಿ ಚಿತ್ರವೊಂದರ ಆಯುಷ್ಯ ಕುಗ್ಗಿದೆ.