ಮಕ್ಕಳ ಗಿಡ್ಡ ಅಂಗಿ ಮತ್ತು ಹಳೇ ಬಟ್ಟೆ ಅಂಗಡಿಯ ಚರಿತ್ರೆ

ಮೇ ತಿಂಗಳು ಮುಗಿಯುತ್ತ ಬಂತೆಂದರೆ ತಾಲ್ಲೂಕು ಕೇಂದ್ರದ ಬಟ್ಟೆ ಅಂಗಡಿಗಳಲ್ಲಿ ಒಂದೇ ಮಾತು. ‘ಒಂದು ಸೈಜ್ ದೊಡ್ಡದೇ ಕೊಡಿ, ಬೆಳೆಯೋ ಹುಡುಗ.’ ಅಂಗಿಯ ತೋಳು ಬೆರಳ ತುದಿ ಮುಟ್ಟುತ್ತದೆ, ಚಡ್ಡಿ ಮೊಣಕಾಲಿಗಿಂತ ಕೆಳಗಿಳಿಯುತ್ತದೆ. ಬರುವ ವರ್ಷ ಸರಿಹೋಗುತ್ತದೆ ಅನ್ನುತ್ತಾರೆ ಅಪ್ಪ. ಬರುವ ವರ್ಷದ ಹೊತ್ತಿಗೆ ಬಣ್ಣ ಹೋಗಿರುತ್ತದೆ. ಅದರ ಮುಂದಿನ ವರ್ಷ ಅದೇ ಅಂಗಿ ತಮ್ಮನ ಮೈಮೇಲೆ. ಮಕ್ಕಳ ಬಟ್ಟೆಯ ಕಷ್ಟ ಇರುವುದೇ ಇಲ್ಲಿ. ಬಟ್ಟೆ ಹರಿಯುವ ಮೊದಲೇ ಮಗು ಬೆಳೆದುಬಿಡುತ್ತದೆ.

ಈ ಲೆಕ್ಕ ಎಲ್ಲ ದೇಶದಲ್ಲೂ ಒಂದೇ. ಅಮೆರಿಕ, ಬ್ರಿಟನ್‌ಗಳಲ್ಲಿ ಇದಕ್ಕೆಂದೇ ಎನ್ನುವಂತೆ ಊರೂರಲ್ಲಿ ಹಳೇ ಬಟ್ಟೆಯ ಅಂಗಡಿಗಳಿವೆ. ಅಮೆರಿಕದಲ್ಲಿ ಅವನ್ನು ಥ್ರಿಫ್ಟ್ ಸ್ಟೋರ್ ಅನ್ನುತ್ತಾರೆ. ನಮ್ಮ ಸ್ತ್ರೀಶಕ್ತಿ ಸಂಘದ ಪಾಸ್‌ಬುಕ್ಕಿನಲ್ಲಿ ‘ಉಳಿತಾಯ’ ಅಂತ ಇರುತ್ತದಲ್ಲ, ಥ್ರಿಫ್ಟ್ ಅಂದರೆ ಹೆಚ್ಚುಕಡಿಮೆ ಅದೇ. ಜನ ತಮಗೆ ಬೇಡವಾದ ಬಟ್ಟೆ, ಆಟಿಕೆ, ಪುಸ್ತಕ, ಕುರ್ಚಿಗಳನ್ನು ತಂದು ಕೊಟ್ಟು ಹೋಗುತ್ತಾರೆ. ಅಂಗಡಿಯವರು ವಿಂಗಡಿಸಿ, ಚೀಟಿ ಅಂಟಿಸಿ, ಕಡಿಮೆ ಬೆಲೆಗೆ ಮಾರುತ್ತಾರೆ. ತಾಯಂದಿರು ಮಕ್ಕಳನ್ನು ಕರೆದುಕೊಂಡು ಬಂದು, ಬೆನ್ನಿಗೆ ಹಿಡಿದು ಅಳತೆ ನೋಡಿ ಕೊಳ್ಳುತ್ತಾರೆ. ನಮ್ಮ ಬಳಗದ ಒಬ್ಬರ ಅಕ್ಕ ಅಮೆರಿಕದಲ್ಲಿದ್ದಾರೆ. ಅಲ್ಲಿನ ಚಳಿಗಾಲದ ದಪ್ಪ ಕೋಟು ಮಗುವಿಗೆ ಬರುವುದು ಒಂದೇ ಚಳಿಗಾಲ, ಹಾಗಾಗಿ ನಾವೂ ಅಂಥ ಅಂಗಡಿಗೇ ಹೋಗೋದು ಅಂದರು. ಹೇಳಿದ ಮೇಲೆ ಮತ್ತೊಂದು ಮಾತು ಸೇರಿಸಿದರು: ‘ಊರಲ್ಲಿ ಅಮ್ಮನಿಗೆ ಮಾತ್ರ ಹೇಳ್ಬೇಡಿ.’

ಆ ಎರಡನೇ ಮಾತಿನ ಹಿಂದೆ ಬಿದ್ದು ನಾವು ಈ ಚರಿತ್ರೆ ಓದತೊಡಗಿದೆವು. ಹಳೇ ಬಟ್ಟೆ ಕೊಳ್ಳಲು ನಾಚಿಕೆ ಎಲ್ಲಿಂದ ಬಂತು? ಕೆಲವು ಕಡೆ ಅದು ಹೇಗೆ ಹೋಯಿತು?

ಮಿಲ್ಲು, ಹೊಲಿಗೆ ಯಂತ್ರ ಬರುವ ಮೊದಲು ಬಟ್ಟೆ ಎಂದರೆ ಆಸ್ತಿ. ನೂಲುವುದು, ನೇಯುವುದು, ಹೊಲಿಯುವುದು ಎಲ್ಲ ಕೈಯಲ್ಲೇ. ಬ್ರಿಟನ್ನಿನಲ್ಲಿ ಸಾಯುವವರು ವಿಲ್ ಬರೆಯುವಾಗ ಕೋಟು ಯಾರಿಗೆ, ಲಂಗ ಯಾರಿಗೆ ಎಂದು ಬರೆಸುತ್ತಿದ್ದರು. ಕಳ್ಳರು ಒಣಹಾಕಿದ ಬಟ್ಟೆಯನ್ನೇ ಕದಿಯುತ್ತಿದ್ದರು, ಏಕೆಂದರೆ ಅದು ಸುಲಭವಾಗಿ ಮಾರಾಟವಾಗುತ್ತಿತ್ತು. ಲಂಡನ್ನಿನ ಪೆಟಿಕೋಟ್ ಲೇನ್ ಎಂಬ ಬೀದಿ ಹಳೇ ಬಟ್ಟೆಯ ಸಂತೆಗೇ ಹೆಸರಾಗಿತ್ತು. ಕೂಲಿಯವರು, ಮನೆಗೆಲಸದವರು, ಸಣ್ಣ ಗುಮಾಸ್ತರು ಎಲ್ಲರೂ ಅಂಥ ಕಡೆ ಕೊಳ್ಳುತ್ತಿದ್ದರು. ಹೆನ್ರಿ ಮೇಹ್ಯೂ ಎಂಬ ಪತ್ರಕರ್ತ ಆ ಬೀದಿಗಳಲ್ಲಿ ಓಡಾಡಿ, ಹಳೇ ಬಟ್ಟೆಯವರು ಸೇರಿದಂತೆ ಲಂಡನ್ನಿನ ಬಡವರ ದುಡಿಮೆಯ ಬಗ್ಗೆ ಬರೆದದ್ದು 1851ರಲ್ಲಿ ಪುಸ್ತಕವಾಗಿ ಬಂತು. ಪತ್ರಿಕೋದ್ಯಮ ಓದಿದ ನಮಗೆ ಅವನ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ. ಯಾರು ಎಷ್ಟು ಸಂಪಾದಿಸುತ್ತಾರೆ, ಏನು ತಿನ್ನುತ್ತಾರೆ ಎಂದು ಅವರ ಬಾಯಿಂದಲೇ ಕೇಳಿ ಬರೆದವನು ಅವನು.

ಹೊಲಿಗೆ ಯಂತ್ರ ಬಂದು ರೆಡಿಮೇಡ್ ಬಟ್ಟೆ ಅಗ್ಗವಾಗುತ್ತಿದ್ದಂತೆ ಲೆಕ್ಕ ಬದಲಾಯಿತು. ಹೊಸದು ಕೊಳ್ಳಬಲ್ಲವರು ಹೊಸದಕ್ಕೆ ಹೋದರು, ಹಳೆಯದು ತೀರಾ ಬಡವರ ಪಾಲಿಗೆ ಉಳಿಯಿತು. ಹಳೇ ಬಟ್ಟೆಯಿಂದ ರೋಗ ಹರಡುತ್ತದೆ ಎಂಬ ಭಯ ಸೇರಿಕೊಂಡಿತು. ಆ ವ್ಯಾಪಾರದಲ್ಲಿ ಯೆಹೂದಿಗಳು ಹೆಚ್ಚಿದ್ದರು. ಅವರ ಮೇಲಿದ್ದ ದ್ವೇಷ ಅವರ ಸರಕಿನ ಮೇಲೂ ಬಿತ್ತು.

ನಮ್ಮ ನೆಲದಲ್ಲಿ ಈ ನಾಚಿಕೆಗೆ ಇನ್ನೂ ಆಳದ ಬೇರಿದೆ. ಚಂಡಾಲರೆಂದು ಕರೆದವರು ಸತ್ತವರ ಬಟ್ಟೆಯನ್ನೇ ಉಡಬೇಕು ಎಂದು ಮನುಸ್ಮೃತಿ ವಿಧಿಸುತ್ತದೆ. ಜೀತಕ್ಕಿದ್ದವರಿಗೆ, ಸೂಲಗಿತ್ತಿಗೆ, ಅಗಸರಿಗೆ ‘ಉಟ್ಟು ಬಿಟ್ಟದ್ದು’ ಕೊಡುವುದು ಹಳ್ಳಿಗಳಲ್ಲಿ ಪದ್ಧತಿಯೇ ಆಗಿತ್ತು. ಕೊಡುವವರಿಗೆ ಅದು ದಾನ. ಕೈಚಾಚುವವರಿಗೆ ಅದು ತಮ್ಮ ಜಾಗ ಯಾವುದೆಂದು ವರ್ಷವರ್ಷವೂ ನೆನಪಿಸುವ ಗಂಟು. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಮನುಸ್ಮೃತಿಯನ್ನು ಸುಟ್ಟ ಅದೇ ಸತ್ಯಾಗ್ರಹದ ದಿನಗಳಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಅಲ್ಲಿ ಸೇರಿದ್ದ ಹೆಣ್ಣುಮಕ್ಕಳ ಜೊತೆ ಬಟ್ಟೆಯ ಬಗ್ಗೆಯೇ ಮಾತಾಡಿದರು. ಜಾತಿ ಗುರುತು ಹೇಳುವ ಹಾಗೆ ಸೀರೆ ಉಡಬೇಡಿ, ಶುಚಿಯಾಗಿರಿ ಎಂದರು. ಹಾಗಾಗಿ ‘ಹಳೇ ಬಟ್ಟೆ ಹಾಕ್ಕೊಂಡ್ರೆ ಏನಾಗುತ್ತೆ, ದುಡ್ಡು ಉಳಿಯುತ್ತೆ’ ಎಂದು ಪೇಟೆಯವರು ಸಲೀಸಾಗಿ ಹೇಳುವ ಮಾತನ್ನು ನಾವು ಹಾಗೇ ಒಪ್ಪುವುದಿಲ್ಲ. ಯಾರು ಕೊಟ್ಟರು, ಹೇಗೆ ಕೊಟ್ಟರು ಅನ್ನುವುದು ಮುಖ್ಯ.

ಅಮೆರಿಕದ ಕಥೆಯಲ್ಲಿ ನಮಗೆ ಕುತೂಹಲ ಹುಟ್ಟಿಸಿದ್ದೂ ಈ ‘ಹೇಗೆ’ಯೇ. 1902ರಲ್ಲಿ ಬಾಸ್ಟನ್ ನಗರದ ಬಡವರ ಕೇರಿಯಲ್ಲಿ ಎಡ್ಗರ್ ಹೆಲ್ಮ್ಸ್ ಎಂಬ ಪಾದ್ರಿ ಇದ್ದರು. ಸುತ್ತ ಬೇರೆ ಬೇರೆ ದೇಶಗಳಿಂದ ವಲಸೆ ಬಂದ, ಕೆಲಸವಿಲ್ಲದ ಕುಟುಂಬಗಳು. ಹೆಲ್ಮ್ಸ್ ಗೋಣಿಚೀಲ ಹಿಡಿದು ಶ್ರೀಮಂತರ ಬೀದಿಗಳಿಗೆ ಹೋಗಿ ಹಳೇ ಬಟ್ಟೆ, ಸಾಮಾನು ಕೇಳಿ ತಂದರು. (ಜಗತ್ತಿನ ಗೋಣಿಗೆಲ್ಲ ಆಗ ಸೆಣಬು ಹೋಗುತ್ತಿದ್ದದ್ದು ನಮ್ಮ ಬಂಗಾಳದಿಂದಲೇ, ಇರಲಿ.) ತಂದದ್ದನ್ನು ಸುಮ್ಮನೆ ಹಂಚಿಬಿಡಲಿಲ್ಲ. ಕೆಲಸವಿಲ್ಲದವರನ್ನೇ ಕೂರಿಸಿ ಒಗೆಸಿ, ತೇಪೆ ಹಾಕಿಸಿ, ಗುಂಡಿ ಹೊಲಿಸಿ, ಅದಕ್ಕೆ ಕೂಲಿ ಕೊಟ್ಟರು. ರಿಪೇರಿಯಾದ ಬಟ್ಟೆಯನ್ನು ಕಡಿಮೆ ಬೆಲೆಗೆ ಮಾರಿದರು. ಬಂದ ಹಣದಿಂದ ಮತ್ತೆ ಕೂಲಿ. ಇದೇ ಮುಂದೆ ಗುಡ್‌ವಿಲ್ ಎಂಬ ಸಂಸ್ಥೆಯಾಗಿ ಅಮೆರಿಕದ ತುಂಬ ಹರಡಿತು. ಲಂಡನ್ನಿನಲ್ಲಿ ಹುಟ್ಟಿದ ಸಾಲ್ವೇಶನ್ ಆರ್ಮಿಯೂ ಅದೇ ಕಾಲದಲ್ಲಿ ಇಂಥ ಅಂಗಡಿಗಳನ್ನು ನಡೆಸತೊಡಗಿತ್ತು.

ಅಂಗಿಯ ಮೇಲೆ ಅಂಟಿಸಿದ ಆ ಸಣ್ಣ ಬೆಲೆ ಚೀಟಿ ದೊಡ್ಡ ಕೆಲಸ ಮಾಡಿತು. ನಾಲ್ಕು ಕಾಸು ಕೊಟ್ಟು ಕೊಂಡವಳು ಗಿರಾಕಿ. ಗಿರಾಕಿಗೆ ಚೌಕಾಸಿ ಮಾಡಬಹುದು, ‘ಈ ಬಣ್ಣ ಬೇಡ’ ಅನ್ನಬಹುದು. ದಾನ ತೆಗೆದುಕೊಳ್ಳುವವರಿಗೆ ಬಣ್ಣ ಆರಿಸುವ ಅಧಿಕಾರ ಇರುವುದಿಲ್ಲ. ಆದರೂ ನಾಚಿಕೆ ಪೂರ್ತಿ ಹೋಗಲಿಲ್ಲ. ಹಳೇ ಬಟ್ಟೆ ಅಂಗಡಿಗೆ ಹೋಗುವುದು ಬಡವರು ಎಂದು ಎಲ್ಲರಿಗೂ ಗೊತ್ತಿತ್ತಲ್ಲ.

ಅದು ಹೋದದ್ದು ಯುದ್ಧದ ಕಾಲದಲ್ಲಿ, ಬ್ರಿಟನ್ನಿನಲ್ಲಿ, ಅದೂ ಮಕ್ಕಳ ಬಟ್ಟೆಯ ವಿಷಯದಲ್ಲಿ.

1941ರ ಜೂನ್ 1, ಭಾನುವಾರ. ಇವತ್ತಿನಿಂದ ಬಟ್ಟೆಗೂ ರೇಷನ್ ಎಂದು ಸರ್ಕಾರ ಘೋಷಿಸಿತು. ಮೊದಲೇ ಸುಳಿವು ಕೊಟ್ಟಿದ್ದರೆ ಜನ ಅಂಗಡಿಗೆ ನುಗ್ಗಿ ಬಾಚಿಕೊಳ್ಳುತ್ತಿದ್ದರು, ಅದಕ್ಕೇ ಎಲ್ಲವೂ ಗುಟ್ಟು. ಬಟ್ಟೆ ಕೂಪನ್ನುಗಳನ್ನು ಅಚ್ಚು ಹಾಕಿದರೂ ವಿಷಯ ಹೊರಬೀಳುತ್ತದೆಂದು, ಜನರ ಕೈಯಲ್ಲಾಗಲೇ ಇದ್ದ ಆಹಾರದ ರೇಷನ್ ಪುಸ್ತಕದಲ್ಲಿ ಮಾರ್ಗರೀನಿಗೆಂದು ಇಟ್ಟಿದ್ದ, ಬಳಕೆಯಾಗದೆ ಉಳಿದ ಕೂಪನ್ನುಗಳನ್ನೇ ಬಟ್ಟೆಗೂ ನಡೆಸಿದರು. ಒಬ್ಬರಿಗೆ ವರ್ಷಕ್ಕೆ 66 ಕೂಪನ್. ಗಂಡಸಿನ ಕೋಟಿಗೆ 13, ಉಣ್ಣೆ ಪ್ಯಾಂಟಿಗೆ 8, ಶೂಗೆ 7, ಹತ್ತಿ ಅಂಗಿಗೆ 5. ಇಷ್ಟಕ್ಕೇ 33, ಅಂದರೆ ಅರ್ಧ ವರ್ಷದ ಪಾಲು ಮುಗಿಯಿತು. ಹಣವನ್ನಂತೂ ಬೇರೆ ಕೊಡಲೇಬೇಕು. ಮುಂದಿನ ವರ್ಷಗಳಲ್ಲಿ ಕೂಪನ್ ಇನ್ನೂ ಕಡಿಮೆಯಾದವು. ಬಟ್ಟೆ ಉಳಿಸಲು ಗಂಡಸರ ಪ್ಯಾಂಟಿನ ಕಾಲಿನ ಬುಡದ ಮಡಿಕೆಯನ್ನೂ ನಿಷೇಧಿಸಿದರು. ಪ್ಯಾಂಟಿನ ಮಡಿಕೆಗಾಗಿ ಅಲ್ಲಿನ ಗಂಡಸರು ಗೊಣಗಿದಷ್ಟು ಬೇರೆಯದಕ್ಕೆ ಗೊಣಗಲಿಲ್ಲವೇನೋ.

ದೊಡ್ಡವರು ಹೇಗೋ ಹಳೇ ಕೋಟಿನಲ್ಲೇ ದಿನ ತಳ್ಳಿದರು. ಬೆಳೆಯುವ ಮಕ್ಕಳ ಕಥೆ ಬೇರೆ. ಅವರಿಗೆ ಸರ್ಕಾರ 10 ಕೂಪನ್ ಹೆಚ್ಚಿಗೆ ಕೊಟ್ಟಿತು. ಅದೂ ಸಾಲಲಿಲ್ಲ, ಏಕೆಂದರೆ ಸರ್ಕಾರ ಹೇಳಿದ ವೇಗದಲ್ಲಿ ಯಾವ ಮಗುವೂ ಬೆಳೆಯುವುದಿಲ್ಲ. ಆಗ ಮುಂದೆ ಬಂದವರು ಮಹಿಳಾ ಸ್ವಯಂಸೇವಕಿಯರು. ವಿಮೆನ್ಸ್ ವಾಲಂಟರಿ ಸರ್ವಿಸ್ ಎಂಬ ಅವರ ಸಂಘಟನೆ ಶುರುವಾದದ್ದು 1938ರಲ್ಲಿ. ಕಟ್ಟಿದವರು ಲೇಡಿ ರೀಡಿಂಗ್. ಇವರು 1920ರ ದಶಕದಲ್ಲಿ ದೆಹಲಿಯಲ್ಲಿ ವೈಸ್‌ರಾಯ್ ರೀಡಿಂಗ್ ಅವರ ಮೊದಲ ಹೆಂಡತಿಗೆ ಕಾರ್ಯದರ್ಶಿಯಾಗಿದ್ದವರು, ಆಕೆ ತೀರಿಕೊಂಡ ಮೇಲೆ 1931ರಲ್ಲಿ ರೀಡಿಂಗ್ ಅವರನ್ನೇ ಮದುವೆಯಾದರು.

ಈ ಸ್ವಯಂಸೇವಕಿಯರು ಊರೂರಲ್ಲಿ ಮಕ್ಕಳ ಬಟ್ಟೆ ವಿನಿಮಯ ಕೇಂದ್ರ ತೆರೆದರು. ವ್ಯವಸ್ಥೆ ಸರಳ. ಮಗುವಿಗೆ ಗಿಡ್ಡವಾದ ಕೋಟು, ಬಿಗಿಯಾದ ಬೂಟನ್ನು ತಾಯಿ ಒಗೆದು ಒರೆಸಿ ತರುತ್ತಾಳೆ. ಮೇಜಿನ ಹಿಂದೆ ಕುಳಿತವರು ಅದು ಎಷ್ಟು ಗಟ್ಟಿಯಿದೆ ಎಂದು ನೋಡಿ ಇಷ್ಟು ಪಾಯಿಂಟ್ ಎಂದು ಬರೆದುಕೊಡುತ್ತಾರೆ. ಆ ಪಾಯಿಂಟಿಗೆ ತಕ್ಕಂತೆ ಆಕೆ ದೊಡ್ಡ ಅಳತೆಯದನ್ನು ಆರಿಸಿಕೊಳ್ಳುತ್ತಾಳೆ. ಆಕೆ ತಂದಿಟ್ಟ ಕೋಟು ಇನ್ನೊಂದು ಮನೆಯ ಚಿಕ್ಕ ಮಗುವಿಗೆ ಹೋಗುತ್ತದೆ. ಹಣ ಕೈಬದಲಾಗುವುದಿಲ್ಲ, ಕೂಪನ್ನೂ ಬೇಕಿಲ್ಲ.

ಇಲ್ಲಿ ದಾನಿ ಯಾರು, ಭಿಕ್ಷೆ ಪಡೆದವರು ಯಾರು? ಇಬ್ಬರೂ ತಂದಿದ್ದಾರೆ, ಇಬ್ಬರೂ ಒಯ್ದಿದ್ದಾರೆ. ಡಾಕ್ಟರ ಹೆಂಡತಿಗೂ ಲಾರಿ ಚಾಲಕನ ಹೆಂಡತಿಗೂ ಕೂಪನ್ ಲೆಕ್ಕ ಒಂದೇ. ಡಾಕ್ಟರ ಮನೆಯಲ್ಲಿ ದುಡ್ಡಿದ್ದರೂ ಕಾನೂನಿನ ಪ್ರಕಾರ ಅಂಗಡಿಯಿಂದ ಹೆಚ್ಚಿಗೆ ಹೊಸ ಬಟ್ಟೆ ತರುವಂತಿರಲಿಲ್ಲ. ಹಾಗಾಗಿ ತೇಪೆ ಹಾಕಿದ ಚಡ್ಡಿ ಬಡತನದ ಗುರುತಾಗಿ ಉಳಿಯಲಿಲ್ಲ. 1943ರಲ್ಲಿ ಸರ್ಕಾರವೇ ‘ಮೇಕ್ ಡು ಅಂಡ್ ಮೆಂಡ್’ ಎಂಬ ಕಿರುಪುಸ್ತಕ ಹಂಚಿತು. ಇರುವುದರಲ್ಲೇ ಸುಧಾರಿಸಿ, ಹರಿದದ್ದನ್ನು ಹೊಲಿಯಿರಿ ಎಂದರ್ಥ. ನಮ್ಮ ಅಜ್ಜಿಯರಿಗೆ ಇದನ್ನು ಯಾವ ಸರ್ಕಾರವೂ ಕಲಿಸಬೇಕಿರಲಿಲ್ಲ ಅನ್ನಿ. ಬಟ್ಟೆ ರೇಷನ್ ಮುಗಿದದ್ದು 1949ರ ಮಾರ್ಚಿನಲ್ಲಿ, ಯುದ್ಧ ಮುಗಿದು ಮೂರೂವರೆ ವರ್ಷ ಕಳೆದ ಮೇಲೆ.

ಅದೇ ಯುದ್ಧ ನಮ್ಮನ್ನೂ ಬಟ್ಟೆಗೆ ಕಾಡಿಸಿತು. ಮಿಲ್ಲಿನ ಬಟ್ಟೆ ಸೈನ್ಯಕ್ಕೆ ಹೋಯಿತು, ಬೆಲೆ ಏರಿತು, 1943ರಲ್ಲಿ ಬ್ರಿಟಿಷ್ ಸರ್ಕಾರ ಹತ್ತಿಬಟ್ಟೆ ಮತ್ತು ನೂಲಿನ ನಿಯಂತ್ರಣ ಆದೇಶ ಹೊರಡಿಸಿತು. ಹಿರಿಯರ ಬಾಯಲ್ಲಿ ಬರುವ ‘ಕಂಟ್ರೋಲ್ ಕಾಲ’ ಅದೇ. ಅದೇ ವರ್ಷ ಬಂಗಾಳದ ಬರಗಾಲದಲ್ಲಿ ಅನ್ನದ ಜೊತೆ ಉಡುವ ಬಟ್ಟೆಗೂ ಜನ ಪರದಾಡಿದರು. ಅಲ್ಲಿ ಪಾಯಿಂಟ್ ಬರೆದುಕೊಡುವ ಮೇಜುಗಳಿರಲಿಲ್ಲ. ಒಂದೇ ಸಾಮ್ರಾಜ್ಯ ತನ್ನ ಮನೆಯ ಮಕ್ಕಳ ಬೂಟಿನ ಅಳತೆಯವರೆಗೆ ಯೋಚಿಸಿತು, ಇಲ್ಲಿ ಮೈಮುಚ್ಚುವ ತುಂಡಿಗೂ ದಾರಿ ಮಾಡಲಿಲ್ಲ. ಈ ಎರಡನ್ನೂ ಒಟ್ಟಿಗೆ ಓದಿದಾಗ ನಮಗೆ ಸಿಟ್ಟು ಬಂದದ್ದು ನಿಜ.

ಬ್ರಿಟನ್ನಿನಲ್ಲಿ ಯುದ್ಧದ ನಂತರ ಹಳೇ ಬಟ್ಟೆಗೆ ಇನ್ನೊಂದು ಅರ್ಥ ಬಂತು. ನಾಜಿ ಹಿಡಿತದಲ್ಲಿದ್ದ ಗ್ರೀಸಿನ ಹಸಿದವರಿಗೆ ಆಹಾರ ಕಳಿಸಲೆಂದು 1942ರಲ್ಲಿ ಆಕ್ಸ್‌ಫರ್ಡ್ ಊರಿನವರು ಕಟ್ಟಿದ ಸಮಿತಿಯೇ ಇವತ್ತಿನ ಆಕ್ಸ್‌ಫ್ಯಾಮ್. 1940ರ ದಶಕದ ಕೊನೆಗೆ ಅದು ಅಲ್ಲಿನ ಬ್ರಾಡ್ ಸ್ಟ್ರೀಟಿನಲ್ಲಿ ಅಂಗಡಿ ತೆರೆಯಿತು. ಜನ ಕೊಟ್ಟ ವಸ್ತು ಮಾರಿ, ಬಂದ ಹಣವನ್ನು ಪರಿಹಾರಕ್ಕೆ ಬಳಸುವುದು. 1951ರ ಬಿಹಾರದ ಬರಕ್ಕೂ ಅದು ನೆರವು ಎತ್ತಿತು. ಈಗ ಅಂಥ ಅಂಗಡಿಗೆ ಹೋಗುವವರು ‘ಒಳ್ಳೇ ಕೆಲಸಕ್ಕೆ ದುಡ್ಡು ಹೋಗುತ್ತೆ’ ಎಂದು ಎದೆಯೆತ್ತಿ ಒಳಗೆ ಕಾಲಿಡಬಹುದಾಯಿತು. 2008ರ ಆರ್ಥಿಕ ಕುಸಿತದಲ್ಲಿ ಕೆಲಸ, ಮನೆ ಕಳೆದುಕೊಂಡ ಅಮೆರಿಕದ ಎಷ್ಟೋ ಕುಟುಂಬಗಳು ಮತ್ತೆ ಥ್ರಿಫ್ಟ್ ಸ್ಟೋರಿನ ದಾರಿ ಹಿಡಿದವು. ಆಮೇಲೆ ಹದಿಹರೆಯದವರಿಗೆ ಅದು ಫ್ಯಾಶನ್ನೇ ಆಗಿಹೋಯಿತು. ಬೆಂಗಳೂರು, ಮುಂಬೈಯ ಹುಡುಗ ಹುಡುಗಿಯರು ಇನ್‌ಸ್ಟಾಗ್ರಾಮಿನಲ್ಲಿ ಹಳೇ ಜೀನ್ಸ್ ಕೊಳ್ಳುತ್ತಿರುವುದು ಅದರದೇ ಗಾಳಿ.

ನಮ್ಮ ಹಳ್ಳಿಗಳಲ್ಲಿ ಹಳೇ ಬಟ್ಟೆ ಎಂದೂ ವ್ಯರ್ಥವಾಗಿದ್ದಿಲ್ಲ. ಅಜ್ಜಿಯ ಸೀರೆ ಕೂಸಿನ ತೊಟ್ಟಿಲಾಗುತ್ತದೆ, ಉತ್ತರ ಕರ್ನಾಟಕದಲ್ಲಿ ಕೌದಿಯಾಗುತ್ತದೆ, ಕೊನೆಗೆ ಒರೆಸುವ ಬಟ್ಟೆ. ಸ್ಟೀಲ್ ಪಾತ್ರೆಯವರು ಬಂದರೆ ನಾಲ್ಕು ಪ್ಯಾಂಟಿಗೆ ಒಂದು ಡಬ್ಬಿ. ಅಕ್ಕನ ಲಂಗ ತಂಗಿಗೆ, ಅಣ್ಣನ ಪುಸ್ತಕ ಚಿಕ್ಕಪ್ಪನ ಮಗನಿಗೆ. ಇದೆಲ್ಲ ರಕ್ತಸಂಬಂಧದ ಒಳಗೆ ನಾಚಿಕೆಯಿಲ್ಲದೆ ನಡೆಯುತ್ತದೆ. ಹೊರಗಿನವರಿಂದ ಬಂದರೆ ಮಾತ್ರ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ. ಈ ಗಂಟನ್ನು ಬಿಡಿಸಲು ಹೊರಟವರಲ್ಲಿ ಒಬ್ಬರು ಅಂಶು ಗುಪ್ತ. 1999ರಲ್ಲಿ ಮನೆಯಲ್ಲಿದ್ದ 67 ಬಟ್ಟೆಗಳಿಂದ ಅವರು ದೆಹಲಿಯಲ್ಲಿ ಗೂಂಜ್ ಸಂಸ್ಥೆ ಶುರು ಮಾಡಿದರು. ಊರಿನವರು ತಮಗೆ ಬೇಕಾದ ಕೆಲಸವನ್ನು ತಾವೇ ತೀರ್ಮಾನಿಸಿ, ಕೆರೆ ಹೂಳೆತ್ತುವುದೋ ದಾರಿ ಸರಿಮಾಡುವುದೋ ಮುಗಿಸಿದ ಮೇಲೆ, ಆ ದುಡಿಮೆಗೆ ಪ್ರತಿಯಾಗಿ ಬಟ್ಟೆ, ಸಾಮಾನಿನ ಕಿಟ್ ಸಿಗುತ್ತದೆ. ಗುಪ್ತ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮೆಚ್ಚಬೇಕಾದ ಕೆಲಸ. ಆದರೂ ನಮ್ಮಲ್ಲಿ ಕೆಲವರಿಗೆ ಒಂದು ಅನುಮಾನ ಉಳಿದಿದೆ: ಕೆರೆ ಹೂಳೆತ್ತಿದ್ದಕ್ಕೆ ಪೇಟೆಯವರು ಬಿಟ್ಟ ಬಟ್ಟೆಗಿಂತ ಪೂರ್ತಿ ಕೂಲಿಯೇ ಸರಿಯಲ್ಲವೇ? ಈ ಬಗ್ಗೆ ನಮ್ಮ ಬಳಗದಲ್ಲೇ ಎರಡು ಪಂಗಡವಿದೆ. ಮಕ್ಕಳ ಬಟ್ಟೆಯ ವಿನಿಮಯ ಮೇಜು ನಮ್ಮ ಶಾಲೆ, ಅಂಗನವಾಡಿಗಳಲ್ಲಿ ಜೂನಿಗೊಮ್ಮೆ ನಡೆದರೆ ಒಳ್ಳೆಯದು ಎಂಬುದರಲ್ಲಿ ಮಾತ್ರ ಎರಡು ಮಾತಿಲ್ಲ. ಎಲ್ಲರೂ ತರಬೇಕು, ಎಲ್ಲರೂ ಒಯ್ಯಬೇಕು. ಊರಿನ ಸಿರಿವಂತರ ಮನೆಯ ಅಂಗಿಯೂ ಆ ಮೇಜಿನ ಮೇಲೆ ಬರಬೇಕು, ಆ ಮನೆಯ ಮಗು ಬೇರೆ ಮನೆಯದೊಂದನ್ನು ಹಾಕಿಕೊಂಡೂ ಹೋಗಬೇಕು.

ಅಂದಹಾಗೆ, ಅಮೆರಿಕ, ಯುರೋಪಿನ ಈ ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದ ಬಟ್ಟೆಯಲ್ಲಿ ಒಂದು ಪಾಲು ಹಡಗೇರಿ ನಮ್ಮ ದೇಶಕ್ಕೇ ಬರುತ್ತದೆ. ತೊಟ್ಟ ಬಟ್ಟೆಯನ್ನು ಲೈಸೆನ್ಸ್ ಇಲ್ಲದೆ ತರಿಸಿ ಇಲ್ಲಿ ಮಾರುವಂತಿಲ್ಲ. ಗುಜರಾತಿನ ಕಾಂಡ್ಲಾದ ವಿಶೇಷ ಆರ್ಥಿಕ ವಲಯದಲ್ಲಿ ಹೆಚ್ಚಾಗಿ ಹೆಂಗಸರೇ ಕುಳಿತು ಅವನ್ನು ವಿಂಗಡಿಸುತ್ತಾರೆ. ಚೆನ್ನಾಗಿರುವವು ಮತ್ತೆ ಹಡಗೇರಿ ಆಫ್ರಿಕಾದ ದೇಶಗಳ ಕಡೆ ಹೋಗುತ್ತವೆ. ಉಣ್ಣೆಯ ಚಿಂದಿ ಹರಿಯಾಣದ ಪಾಣಿಪತ್‌ಗೆ. ಅಲ್ಲಿ ಗುಂಡಿ, ಜಿಪ್ಪು ಕಿತ್ತು, ಬಣ್ಣ ಬಣ್ಣಕ್ಕೆ ಬೇರೆ ಮಾಡಿ, ಯಂತ್ರದಲ್ಲಿ ಹಿಂಜಿ, ಮತ್ತೆ ನೂಲು ತೆಗೆದು ಅಗ್ಗದ ಕಂಬಳಿ ನೇಯುತ್ತಾರೆ. ನೆರೆ ಬಂದಾಗ ಪರಿಹಾರ ಕೇಂದ್ರಗಳಲ್ಲಿ ಹಂಚುವ ಬೂದು ಬಣ್ಣದ ಕಂಬಳಿ ನೋಡಿದ್ದೀರಲ್ಲ, ಪಾಣಿಪತ್ತಿನ ಕಂಬಳಿ ಅಂದರೆ ಅಂಥದ್ದೇ.