ಸ್ಕೀ ರೆಸಾರ್ಟ್ ವಿನ್ಯಾಸಕ್ಕೆ ಎಐ: ಯಂತ್ರ ಏನನ್ನು ಲೆಕ್ಕ ಹಾಕುತ್ತೆ, ಏನನ್ನು ಬಿಡುತ್ತೆ?

ಬೆಟ್ಟದ ಮೇಲೆ ಹಿಮ ಬಿದ್ದ ಮಾತ್ರಕ್ಕೆ ಅದು ಸ್ಕೀ ರೆಸಾರ್ಟ್ ಆಗಲ್ಲ. ಜಾರುವ ದಾರಿ ಎಲ್ಲಿ ಕಡಿಯಬೇಕು, ಲಿಫ್ಟಿನ ಕಂಬ ಎಲ್ಲಿ ನೆಡಬೇಕು, ಗಂಟೆಗೆ ಎಷ್ಟು ಜನ ಮೇಲೆ ಹೋಗಬೇಕು, ಮಾರ್ಚ್‌ವರೆಗೂ ಹಿಮ ಎಲ್ಲಿ ಉಳಿಯುತ್ತೆ, ಹಿಮಕುಸಿತ ಯಾವ ಕಡೆಯಿಂದ ಬರುತ್ತೆ ಅನ್ನೋದನ್ನೆಲ್ಲ ಮೊದಲೇ ನಿರ್ಧರಿಸಬೇಕು. ಹಲವು ಒಲಿಂಪಿಕ್ಸ್‌ಗಳ ಡೌನ್‌ಹಿಲ್ ಟ್ರ್ಯಾಕ್‌ಗಳನ್ನು ರೂಪಿಸಿದವರು ಸ್ವಿಟ್ಜರ್ಲೆಂಡಿನ ಬರ್ನ್‌ಹಾರ್ಡ್ ರುಸ್ಸಿ. 1972ರಲ್ಲಿ ಅದೇ ಸ್ಪರ್ಧೆಯ ಚಿನ್ನ ಗೆದ್ದವರು. ಅವರಂಥವರು ಕಾಲಿನಲ್ಲಿ ಬೆಟ್ಟ ಅಳೆದು, ಕಣ್ಣಂದಾಜಿನಲ್ಲಿ ತೀರ್ಮಾನಿಸುತ್ತಿದ್ದ ಕೆಲಸದ ಒಂದು ಪಾಲು ಈಗ ಕಂಪ್ಯೂಟರಿನ ಕೈಗೆ ಬಂದಿದೆ.

ಮೊದಲ ಹೆಜ್ಜೆ ಲೈಡಾರ್. ವಿಮಾನ ಅಥವಾ ಡ್ರೋನ್‌ನಿಂದ ಲೇಸರ್ ಕಿರಣ ಬಿಟ್ಟು, ಮರಗಳ ಸಂದಿಯಲ್ಲೂ ನೆಲದ ಎತ್ತರ ಹಿಡಿಯುವ ವಿಧಾನ ಇದು. ಅದರಿಂದ ಬೆಟ್ಟದ ಡಿಜಿಟಲ್ ಪ್ರತಿ ಸಿದ್ಧವಾಗುತ್ತೆ. ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ 25 ಮೀಟರ್ ಇಳಿದರೆ ಅದು ಶೇ. 25ರ ಇಳಿಜಾರು. ಅಮೆರಿಕದ ರೂಢಿಯಲ್ಲಿ ಅಲ್ಲಿವರೆಗೆ ಕಲಿಯುವವರ ಜಾಗ, ಶೇ. 40 ದಾಟಿದರೆ ಪಳಗಿದವರದ್ದು. ಉತ್ತರಾರ್ಧಗೋಳದಲ್ಲಿ ಉತ್ತರಕ್ಕೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ಕಡಿಮೆ, ಹಾಗಾಗಿ ಅಲ್ಲಿ ಹಿಮ ಹೆಚ್ಚು ದಿನ ನಿಲ್ಲುತ್ತೆ. ಇದನ್ನೆಲ್ಲ ಸಾಫ್ಟ್‌ವೇರ್ ಬಣ್ಣಬಣ್ಣದ ನಕ್ಷೆ ಮಾಡಿ ಕೊಡುತ್ತೆ.

ಆದರೆ ನೋಡಿ, ಇಲ್ಲಿವರೆಗೆ ಹೇಳಿದ್ದು ಎಐ ಅಲ್ಲ. ಇದು ದಶಕಗಳಿಂದ ಇರುವ ಜಿಐಎಸ್. ಮಾರಾಟ ಮಾಡುವವರು ಎಲ್ಲದಕ್ಕೂ ಎಐ ಅಂತ ಚೀಟಿ ಅಂಟಿಸ್ತಾರೆ, ಅಷ್ಟೇ.

ಹಾಗಾದರೆ ಎಐ ಎಲ್ಲಿ?

ಉಪಗ್ರಹ ಚಿತ್ರದಲ್ಲಿ ಕಾಡು, ಬಂಡೆ, ಜವುಗು ನೆಲ ಯಾವುದು ಅಂತ ಗುರುತಿಸೋದು ಒಂದು. ಇನ್ನೊಂದು, ನಕ್ಷೆಗಳನ್ನೇ ಹುಟ್ಟಿಸೋದು. ಲಿಫ್ಟು ಮತ್ತು ದಾರಿಗಳನ್ನು ಬೇರೆಬೇರೆ ರೀತಿ ಜೋಡಿಸಿ ಸಾವಿರಾರು ನಕ್ಷೆ ಮಾಡಿ, ಪ್ರತಿಯೊಂದಕ್ಕೂ ಅಂಕ ಕೊಟ್ಟು, ಚೆನ್ನಾಗಿರುವವನ್ನು ಒಂದರೊಳಗೊಂದು ಬೆರೆಸಿ ಮತ್ತೆ ಹೊಸದು ಮಾಡುವ ಜೆನೆಟಿಕ್ ಆಲ್ಗರಿದಮ್‌ಗಳು ಇಂಥ ಕೆಲಸಕ್ಕೇ ಇರುವಂಥವು. ಪರದೆಯ ಮೇಲೆ ಕೃತಕ ಸ್ಕೀಯರ್‌ಗಳನ್ನು ಬಿಟ್ಟು ಎಲ್ಲಿ ಕ್ಯೂ ಬೆಳೆಯುತ್ತೆ, ಎಲ್ಲಿ ಎರಡು ದಾರಿ ಸೇರಿ ಡಿಕ್ಕಿ ಆಗಬಹುದು ಅಂತಲೂ ನೋಡಬಹುದು. ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿರುವ ಎಸ್‌ಎಲ್‌ಎಫ್ ಸಂಸ್ಥೆ ಹಿಮಕುಸಿತದ ಅಪಾಯ ಅಂದಾಜಿಸಲು ಮೆಷಿನ್ ಲರ್ನಿಂಗ್ ಮಾದರಿಗಳನ್ನು ರೂಪಿಸಿದೆ. ಅಲ್ಲಿ ಅಂತಿಮ ಮಾತು ಇನ್ನೂ ಮನುಷ್ಯರದ್ದೇ.

ಇದರಲ್ಲಿ ನಿಜವಾದ ಉಳಿತಾಯವೂ ಇದೆ. ಹಿಮ ಸಮ ಮಾಡುವ ಗಾಡಿಗಳು ಉಪಗ್ರಹ ಸಂಕೇತದ ನೆರವಿನಿಂದ ತಮ್ಮ ಕೆಳಗೆ ಎಷ್ಟು ಸೆಂಟಿಮೀಟರ್ ಹಿಮ ಇದೆ ಅಂತ ತಿಳಿಯಬಲ್ಲವು. ಎಲ್ಲಿ ಸಾಕಷ್ಟಿದೆ ಅಂತ ಗೊತ್ತಾದರೆ ಅಲ್ಲಿ ಕೃತಕ ಹಿಮ ಸುರಿಯೋದು ತಪ್ಪುತ್ತೆ. ಇದು ಸಣ್ಣ ಲೆಕ್ಕ ಅಲ್ಲ: ಒಂದು ಹೆಕ್ಟೇರಿಗೆ 30 ಸೆಂ.ಮೀ. ಕೃತಕ ಹಿಮ ಹಾಸಲು ಸುಮಾರು 10 ಲಕ್ಷ ಲೀಟರ್ ನೀರು ಬೇಕು.

ಅಂಕ ಕೊಡೋರು ಯಾರು?

ರಾಜಕೀಯ ಶುರುವಾಗೋದು ಇಲ್ಲೇ. ಆಲ್ಗರಿದಮ್ 'ಒಳ್ಳೆಯ ನಕ್ಷೆ' ಅನ್ನೋದನ್ನು ತಾನೇ ಕಂಡುಹಿಡಿಯಲ್ಲ. ಲಿಫ್ಟಿನ ಖರ್ಚಿಗೆ ಇಷ್ಟು ಅಂಕ, ದಿನಕ್ಕೆ ಬರುವ ಪ್ರವಾಸಿಗರಿಗೆ ಇಷ್ಟು, ಕಡಿಯುವ ಮರಕ್ಕೆ ಇಷ್ಟು ಕಳೆ ಅಂತ ಯಾರೋ ಕೂತು ಬರೆದಿರುತ್ತಾರೆ. ಕುರಿ ಮೇಯಿಸುವವರ ಹಾದಿಗೆ ಕಾಲಂ ಇಲ್ಲದಿದ್ದರೆ ಯಂತ್ರದ ಪಾಲಿಗೆ ಅದು ಖಾಲಿ ಜಾಗ.

ಫ್ರಾನ್ಸಿನ ಲಾ ಕ್ಲೂಸಾದಲ್ಲಿ ನಡೆದದ್ದನ್ನೇ ತಗೊಳ್ಳಿ. ಕೃತಕ ಹಿಮಕ್ಕೂ ಕುಡಿಯೋದಕ್ಕೂ ಅಂತ ಬೆಟ್ಟದ ಮೇಲೆ ನೀರಿನ ಸಂಗ್ರಹಾಗಾರ ಕಟ್ಟುವ ಯೋಜನೆ ಬಂತು. ಹೋರಾಟಗಾರರು ಕಾಡಿನಲ್ಲೇ ಬಿಡಾರ ಹೂಡಿದರು. 2022ರ ಅಕ್ಟೋಬರ್‌ನಲ್ಲಿ ಗ್ರೆನೋಬಲ್‌ನ ಆಡಳಿತಾತ್ಮಕ ನ್ಯಾಯಾಲಯ ಯೋಜನೆಯ ಅನುಮತಿಯನ್ನು ಅಮಾನತಿನಲ್ಲಿಟ್ಟಿತು. ಕೃತಕ ಹಿಮದ ಅಗತ್ಯ ಅಲ್ಲಿನ ಸಂರಕ್ಷಿತ ಜೀವಿಗಳ ನೆಲೆಗಿಂತ ದೊಡ್ಡದಲ್ಲ ಅನ್ನೋದು ನ್ಯಾಯಾಧೀಶರ ನಿಲುವು. ಜಾಗ ಅದೇ, ಅಂಕಪಟ್ಟಿ ಮಾತ್ರ ಬೇರೆ.

ದಕ್ಷಿಣ ಕೊರಿಯಾದಲ್ಲಿ 2018ರ ಒಲಿಂಪಿಕ್ಸ್‌ಗಾಗಿ ಗಾರಿವಾಂಗ್ ಬೆಟ್ಟದ ಹಳೆಯ ಕಾಡು ಕಡಿದರು. ಆಟ ಮುಗಿದ ಮೇಲೆ ಕಾಡು ಮತ್ತೆ ಬೆಳೆಸುವ ಮಾತಿತ್ತು. ಈಗ ಅಲ್ಲಿ ಪ್ರವಾಸಿಗರಿಗೆ ಕೇಬಲ್ ಕಾರ್ ಓಡುತ್ತಿದೆ.

ಇನ್ನು ಹವಾಮಾನ. 2023ರಲ್ಲಿ 'ನೇಚರ್ ಕ್ಲೈಮೇಟ್ ಚೇಂಜ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಯುರೋಪಿನ 2,234 ಸ್ಕೀ ರೆಸಾರ್ಟ್‌ಗಳನ್ನು ನೋಡಿತು. ಭೂಮಿಯ ತಾಪ 2 ಡಿಗ್ರಿ ಏರಿದರೆ, ಕೃತಕ ಹಿಮ ಇಲ್ಲದೆ ಅವುಗಳಲ್ಲಿ ಶೇ. 53ಕ್ಕೆ ಹಿಮದ ಕೊರತೆಯ ಅತಿ ಹೆಚ್ಚಿನ ಅಪಾಯ. 4 ಡಿಗ್ರಿ ಏರಿದರೆ ಶೇ. 98ಕ್ಕೆ. ಹಳೇ ಚಳಿಗಾಲಗಳ ದತ್ತಾಂಶ ಮಾತ್ರ ತಿಂದು ಬೆಳೆದ ಮಾದರಿ 40 ವರ್ಷ ಬಾಳಬೇಕಾದ ಲಿಫ್ಟಿಗೆ ಜಾಗ ತೋರಿಸಿದರೆ ಏನಾಗಬಹುದು, ಯೋಚಿಸಿ.

ನಮ್ಮ ಹಿಮಾಲಯ

ಗುಲ್ಮಾರ್ಗ್‌ನ ಗೊಂಡೋಲಾ 3,900 ಮೀಟರ್‌ಗಿಂತ ಎತ್ತರಕ್ಕೆ ಹೋಗುತ್ತೆ. ಆದರೂ 2025ರ ಫೆಬ್ರವರಿಯಲ್ಲಿ ಅಲ್ಲಿ ಹಿಮ ಸಾಲದೆ ಖೇಲೋ ಇಂಡಿಯಾ ವಿಂಟರ್ ಗೇಮ್ಸ್ ಮುಂದಕ್ಕೆ ಹೋಯಿತು. (ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕರ್ನಾಟಕದ ಪರ ಪದಕ ಗೆದ್ದಿರುವುದು ಇದೇ ಕೂಟದಲ್ಲಿ.) ಮನಾಲಿ ಬಳಿಯ 'ಹಿಮಾಲಯನ್ ಸ್ಕೀ ವಿಲೇಜ್' ಅನ್ನೋ ಭಾರಿ ಯೋಜನೆಗೆ 2006ರಲ್ಲಿ ಊರಿನವರಷ್ಟೇ ಅಲ್ಲ, ಕುಲ್ಲು ಕಣಿವೆಯ ದೇವತೆಗಳ ಸಭೆಯೂ ಬೇಡ ಅಂದಿತ್ತು. ಅದು ಕೊನೆಗೂ ಏಳಲಿಲ್ಲ.

ಉತ್ತರಾಖಂಡದ ಔಲಿಯ ಕಥೆ ಇನ್ನೂ ಕಠಿಣ. ಅಲ್ಲಿನ ಇಳಿಜಾರಿಗೆ ಕೃತಕ ಹಿಮದ ಯಂತ್ರ ತಂದರು. ಕೆಳಗಿರುವ ಜೋಶಿಮಠದಿಂದ ರೋಪ್‌ವೇ ಇತ್ತು. ಜೋಶಿಮಠ ಕೂತಿರುವುದು ಹಳೆಯ ಭೂಕುಸಿತದ ಮಣ್ಣಿನ ಮೇಲೆ, ಅಲ್ಲಿ ಭಾರಿ ನಿರ್ಮಾಣ ಬೇಡ ಅಂತ ಮಿಶ್ರಾ ಸಮಿತಿ ಹೇಳಿದ್ದು 1976ರಲ್ಲಿ. ಲೈಡಾರ್ ಇರಲಿಲ್ಲ, ಎಐ ಇರಲಿಲ್ಲ. 2023ರ ಜನವರಿಯಲ್ಲಿ ಮನೆಗಳು ಬಿರುಕು ಬಿಟ್ಟವು, ರೋಪ್‌ವೇ ನಿಂತಿತು. ಊರಿನ ಒಂದು ಭಾಗ 12 ದಿನಗಳಲ್ಲಿ 5.4 ಸೆಂ.ಮೀ. ಕುಸಿದಿದೆ ಅಂತ ಇಸ್ರೋದ ದೂರಸಂವೇದಿ ಕೇಂದ್ರ ಉಪಗ್ರಹದಿಂದ ಅಳೆದು ಪ್ರಕಟಿಸಿತು. ಅದಾದ ಕೂಡಲೇ, ಮಾಧ್ಯಮದವರಿಗೆ ಮಾಹಿತಿ ಕೊಡಬೇಡಿ ಅಂತ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ವಿಜ್ಞಾನ ಸಂಸ್ಥೆಗಳಿಗೆ ಸೂಚಿಸಿತು. ಆ ವರದಿ ವೆಬ್‌ಸೈಟಿನಿಂದ ಕಾಣೆಯಾಯಿತು.