ಗರ್ಭಕ್ಕೂ ಸರ್ಕಾರಿ ಲೆಕ್ಕ

1984ರಲ್ಲಿ ಕೆನಡಾದ ಲೇಖಕಿ ಮಾರ್ಗರೆಟ್ ಅಟ್‌ವುಡ್ ಪಶ್ಚಿಮ ಬರ್ಲಿನ್‌ನಲ್ಲಿ, ಬಾಡಿಗೆಗೆ ತಂದ ಟೈಪ್‌ರೈಟರಿನ ಮುಂದೆ ಕುಳಿತು ಒಂದು ಕಾದಂಬರಿ ಶುರುಮಾಡಿದರು. ಮಕ್ಕಳು ಹುಟ್ಟುವುದೇ ಅಪರೂಪವಾದ ದೇಶ, ಹೆರಬಲ್ಲ ಹೆಂಗಸರನ್ನು ಅಧಿಕಾರಿಗಳ ಮನೆಗಳಿಗೆ ಹಂಚುವ ಸರ್ಕಾರ. ಮರುವರ್ಷ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ಎಂದು ಅಚ್ಚಾದ ಈ ಪುಸ್ತಕಕ್ಕೆ ಅವರು ಹಾಕಿಕೊಂಡ ಕಟ್ಟುಪಾಡು ಒಂದಿತ್ತು: ಲೋಕದಲ್ಲಿ ಎಲ್ಲೂ ಎಂದೂ ನಡೆಯದ್ದನ್ನು ಕತೆಗೆ ತರಬಾರದು. ಅದಕ್ಕೆಂದೇ ಕತ್ತರಿಸಿಟ್ಟುಕೊಂಡ ಪತ್ರಿಕೆಯ ತುಣುಕುಗಳಲ್ಲಿ ರುಮೇನಿಯಾದ ಸುದ್ದಿಯೂ ಸೇರಿತ್ತು.

ರುಮೇನಿಯಾದಲ್ಲಿ 1957ರಿಂದ ಗರ್ಭಪಾತಕ್ಕೆ ಅಡ್ಡಿಯಿರಲಿಲ್ಲ. ಗರ್ಭನಿರೋಧಕಗಳು ಸುಲಭವಾಗಿ ಸಿಗದ ಕಾರಣ ಹೆಂಗಸರಿಗೆ ಅದೇ ದಾರಿಯಾಗಿತ್ತು. 1965ರಲ್ಲಿ ಗದ್ದುಗೆಯೇರಿದ್ದ ನಿಕೊಲಾಯ್ ಚೌಶೆಸ್ಕುಗೆ ದುಡಿಯುವ ಕೈಗಳು ಬೇಕಿದ್ದವು. 1966ರ ಅಕ್ಟೋಬರಿನಲ್ಲಿ 770ನೇ ಸುಗ್ರೀವಾಜ್ಞೆ ಬಂತು. 45 ದಾಟಿದವರು, ನಾಲ್ಕು ಮಕ್ಕಳನ್ನು ಹೆತ್ತವರು, ಅತ್ಯಾಚಾರಕ್ಕೆ ಒಳಗಾದವರು, ಜೀವಕ್ಕೆ ಅಪಾಯವಿದ್ದವರು, ಹೀಗೆ ಕೆಲವರನ್ನು ಬಿಟ್ಟು ಉಳಿದವರಿಗೆಲ್ಲ ಗರ್ಭಪಾತ ಅಪರಾಧವಾಯಿತು. ಆ ವರ್ಷ ಹುಟ್ಟಿದ್ದ ಮಕ್ಕಳು ಸುಮಾರು 2.73 ಲಕ್ಷ, 1967ರಲ್ಲಿ 5.27 ಲಕ್ಷ!

ಸರ್ಕಾರ ಬೀಗಿದ್ದು ಸ್ವಲ್ಪ ಕಾಲ ಮಾತ್ರ. ಹೆಂಗಸರು ಕಳ್ಳದಾರಿ ಹುಡುಕಿಕೊಂಡರು, ಜನನ ಪ್ರಮಾಣ 1983ರ ಹೊತ್ತಿಗೆ ಮತ್ತೆ ಹಳೆಯ ಮಟ್ಟಕ್ಕೇ ಇಳಿದಿತ್ತು.

ಆಗ ಹಿಡಿತ ಇನ್ನೂ ಬಿಗಿಯಾಯಿತು. ಇಪ್ಪತ್ತೈದು ದಾಟಿಯೂ ಮಕ್ಕಳಿಲ್ಲದವರ ಸಂಬಳದಲ್ಲಿ ತೆರಿಗೆ ಕಡಿತ ಮೊದಲಿನಿಂದಲೂ ಇತ್ತು. ಎಂಬತ್ತರ ದಶಕದಲ್ಲಿ ಕಾರ್ಖಾನೆಗಳಿಗೇ ವೈದ್ಯರು ಬಂದು, ಯಾರು ಬಸುರಿ, ಯಾರ ಬಸಿರು ಇದ್ದಕ್ಕಿದ್ದಂತೆ ಇಲ್ಲವಾಯಿತು ಎಂದು ಪರೀಕ್ಷಿಸತೊಡಗಿದರು. ಜನ ಇವರಿಗೆ ‘ಮುಟ್ಟಿನ ಪೊಲೀಸರು’ ಎಂದು ಹೆಸರಿಟ್ಟಿದ್ದರು. ರಕ್ತಸ್ರಾವವಾಗಿ ಆಸ್ಪತ್ರೆಗೆ ಬಂದವಳು ಗರ್ಭ ತೆಗೆದವರು ಯಾರೆಂದು ಬಾಯಿಬಿಡುವ ತನಕ ಚಿಕಿತ್ಸೆ ತಡೆಹಿಡಿದದ್ದೂ ಉಂಟು. ಇತ್ತ ಹತ್ತು ಹೆತ್ತವಳಿಗೆ ‘ವೀರಮಾತೆ’ ಎಂಬ ಬಿರುದು, ಪದಕ.

ಅಟ್‌ವುಡ್‌ರ ಕಾದಂಬರಿಯ ಗಿಲಿಯಡ್ ಸರ್ಕಾರ ಬೈಬಲ್ ಹಿಡಿದು ಆಳುತ್ತದೆ, ಚೌಶೆಸ್ಕುವಿನದು ದೇವರನ್ನೊಪ್ಪದ ಪಕ್ಷ. ಹೆಣ್ಣಿನ ಮೈಯನ್ನು ಸರ್ಕಾರದ ಸ್ವತ್ತೆಂದು ಬರೆದುಕೊಳ್ಳಲು ಎರಡಕ್ಕೂ ಸಂಕೋಚವಾಗಲಿಲ್ಲ. ಇಂಥ ಆಳ್ವಿಕೆಗಳಿಗೆ ಧರ್ಮವೇ ಮೂಲ ಎನ್ನುವವರು ರುಮೇನಿಯಾದ ಕಡೆ ಒಮ್ಮೆ ನೋಡಬೇಕು.

ಕಳ್ಳ ಗರ್ಭಪಾತಗಳಿಗೆ ಹತ್ತಿರಹತ್ತಿರ ಹತ್ತು ಸಾವಿರ ಹೆಂಗಸರು ಬಲಿಯಾದರೆಂಬ ಅಂದಾಜಿದೆ. ತಾಯಂದಿರ ಸಾವಿನಲ್ಲಿ ಆಗ ಯುರೋಪಿಗೇ ರುಮೇನಿಯಾ ಮೊದಲಾಗಿತ್ತು. ಸಾಕಲಾಗದೆ ಬಿಟ್ಟುಹೋದ ಮಕ್ಕಳಿಂದ ಅನಾಥಾಲಯಗಳು ತುಂಬಿದವು. 1989ರ ಡಿಸೆಂಬರ್ 25ರಂದು ಚೌಶೆಸ್ಕು ದಂಪತಿಯನ್ನು ಗುಂಡಿಟ್ಟು ಕೊಂದರು. ಮರುದಿನವೇ ಹೊಸ ಆಡಳಿತ ಗರ್ಭಪಾತದ ನಿಷೇಧವನ್ನು ತೆಗೆದುಹಾಕಿತು.

1968ರಲ್ಲಿ, ಅಂದರೆ ಸುಗ್ರೀವಾಜ್ಞೆಯ ಬಿಸಿಯಲ್ಲೇ ಹುಟ್ಟಿದ ಕ್ರಿಸ್ಟಿಯನ್ ಮುಂಜಿಯು ಮುಂದೆ ಚಿತ್ರ ನಿರ್ದೇಶಕನಾಗಿ, ಕದ್ದು ಗರ್ಭಪಾತಕ್ಕೆ ಹೊರಟ ವಿದ್ಯಾರ್ಥಿನಿ ಮತ್ತು ಅವಳ ಗೆಳತಿಯ ಒಂದು ದಿನದ ಪಾಡನ್ನು ತೆರೆಗೆ ತಂದ. ‘4 ತಿಂಗಳು, 3 ವಾರ, 2 ದಿನ’ ಎಂಬ ಆ ಚಿತ್ರಕ್ಕೆ 2007ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಬಂತು.